ನೀರಿನ ಟ್ಯಾಂಕರ್‌ಗಳಿಗೆ ಬಡಾವಣೆಯವರೇ ಬರೆಯುವ ವಿಮರ್ಶೆಯ ಪುಟ: ಕಟ್ಟುವುದು ಹೇಗೆ?

ಬೇಸಿಗೆ ಬಂತೆಂದರೆ ಬೆಂಗಳೂರಿನ ಹೊರವಲಯದ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಯಾರ ಹತ್ರ ಆದ್ರೂ ಟ್ಯಾಂಕರ್ ನಂಬರ್ ಇದೆಯಾ?" ಯಾರೋ ಒಬ್ಬರು ನಂಬರ್ ಕಳುಹಿಸುತ್ತಾರೆ. ಆದರೆ ಆ ಟ್ಯಾಂಕರ್ ಎಷ್ಟು ಹೊತ್ತಿಗೆ ಬಂತು, ಎಷ್ಟು ಹಣ ಕೇಳಿದರು, ನೀರು ಹೇಗಿತ್ತು ಎಂಬ ವಿವರಗಳು ಶುಭೋದಯದ ಚಿತ್ರಗಳ ನಡುವೆ ಕಳೆದುಹೋಗುತ್ತವೆ. ಈ ಅನುಭವಗಳನ್ನು ಒಂದೆಡೆ ಸಾಲಾಗಿ ತೋರಿಸುವ ಪುಟವನ್ನು ಪ್ರೋಗ್ರಾಮಿಂಗ್ ಬಾರದವರೂ ಗೂಗಲ್ ಫಾರ್ಮ್ ಮತ್ತು ಶೀಟ್ ಬಳಸಿ ಖರ್ಚಿಲ್ಲದೆ ಕಟ್ಟಬಹುದು.

ಮೊದಲು ಏನು ಕೇಳಬೇಕೆಂದು ತೀರ್ಮಾನಿಸಿ. ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ ಆರಂಭಿಸಿದ 'ಐ ಪೇಯ್ಡ್ ಎ ಬ್ರೈಬ್' ತಾಣ ಇದಕ್ಕೆ ಒಳ್ಳೆಯ ಮಾದರಿ. ಯಾವ ಊರು, ಯಾವ ಇಲಾಖೆ, ಯಾವ ಕೆಲಸ, ಎಷ್ಟು ಲಂಚ ಎಂದು ಅದು ನೇರವಾಗಿ ಕೇಳಿದ್ದರಿಂದ, ಚದುರಿಹೋಗಿದ್ದ ಗೊಣಗಾಟಗಳು ಒಟ್ಟುಗೂಡಿ ಲಂಚದ ದರಪಟ್ಟಿಯಂತೆ ಕಾಣತೊಡಗಿದವು. ಲಂಚ ಕೊಡಲೊಪ್ಪದವರಿಗೂ ಪ್ರಾಮಾಣಿಕ ಅಧಿಕಾರಿಯನ್ನು ಕಂಡವರಿಗೂ ಅಲ್ಲಿ ಪ್ರತ್ಯೇಕ ಜಾಗವಿತ್ತು. ನಕ್ಷತ್ರ ಕೊಡುವ ಪದ್ಧತಿಯ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ಒಬ್ಬರು ಮೂರು ನಕ್ಷತ್ರ ಕೊಟ್ಟ ಸೇವೆಗೆ ಇನ್ನೊಬ್ಬರು ಐದು ಕೊಟ್ಟಿರುತ್ತಾರೆ, ಏಕೆಂಬುದು ಓದುವವರಿಗೆ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮ ಫಾರ್ಮ್‌ನಲ್ಲಿ ಪೂರೈಕೆದಾರರ ಹೆಸರು, ದಿನಾಂಕ, ಟ್ಯಾಂಕರ್‌ನ ಅಳತೆ, ಕೊಟ್ಟ ಹಣ, ಕರೆ ಮಾಡಿದ ಮತ್ತು ನೀರು ಬಂದ ಸಮಯ, ನೀರಿನ ಗುಣ, ಬರೆಯುವವರ ಫೋನ್ ನಂಬರ್ ಮತ್ತು ಮನೆ ಸಂಖ್ಯೆ, ಇಷ್ಟನ್ನೇ ಕೇಳಿ. ಹೆಸರು ಮತ್ತು ಅಳತೆಯನ್ನು ಪಟ್ಟಿಯಿಂದ ಆರಿಸುವಂತೆ ಮಾಡಿದರೆ, ಒಂದೇ ಹೆಸರು ನಾಲ್ಕು ಕಾಗುಣಿತಗಳಲ್ಲಿ ಬಂದು ಲೆಕ್ಕ ಕೆಡುವುದು ತಪ್ಪುತ್ತದೆ.

ಅಳತೆಯ ವಿಷಯದಲ್ಲಿ ಸ್ವಲ್ಪ ಶ್ರಮ ಪಡುವುದು ಅಗತ್ಯ, ಏಕೆಂದರೆ ಟ್ಯಾಂಕರ್‌ನ ಮೇಲೆ ಬರೆದಿರುವಷ್ಟು ನೀರು ಸಂಪಿಗೆ ಬಿದ್ದಿದೆಯೇ ಎಂಬುದು ಕಣ್ಣಳತೆಗೆ ಸಿಗುವುದಿಲ್ಲ. ಸಂಪಿನ ಒಳಗಿನ ಉದ್ದ ಎರಡೂವರೆ ಮೀಟರ್, ಅಗಲ ಎರಡು ಮೀಟರ್ ಇದ್ದರೆ ತಳದ ವಿಸ್ತೀರ್ಣ 5 ಚದರ ಮೀಟರ್ ಆಗುತ್ತದೆ. ಅಲ್ಲಿ ನೀರು 20 ಸೆಂಟಿಮೀಟರ್ ಏರಿದರೆ 1,000 ಲೀಟರ್ ಬಿದ್ದಂತೆ, 6,000 ಲೀಟರ್‌ಗೆ 120 ಸೆಂಟಿಮೀಟರ್ ಏರಬೇಕು. ಗುರುತು ಹಾಕಿದ ಒಂದು ಕೋಲನ್ನು ನೀರು ಬಿಡುವ ಮುನ್ನ ಮತ್ತು ಬಿಟ್ಟ ನಂತರ ಇಳಿಸಿ ನೋಡಿದರೆ ಸಾಕು. ಆ ಹೊತ್ತಿನಲ್ಲಿ ಮೋಟರ್ ಓಡುತ್ತಿರಬಾರದು. ಗುಣಕ್ಕೆ ಬಣ್ಣ ಮತ್ತು ವಾಸನೆಯ ಜೊತೆ, ನೀರಿನಲ್ಲಿ ಕರಗಿರುವ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್‌ನ ಅಂಕಿಯನ್ನೂ ಬರೆಸಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಲೀಟರ್‌ಗೆ 500 ಮಿಲಿಗ್ರಾಂ. ಆದರೆ ಈ ಮೀಟರ್ ಕರಗಿರುವ ಲವಣಾಂಶವನ್ನಷ್ಟೇ ತೋರಿಸುತ್ತದೆ, ರೋಗಾಣುಗಳ ಸುದ್ದಿ ಹೇಳುವುದಿಲ್ಲ ಎಂಬುದನ್ನು ಪುಟದಲ್ಲೇ ನಮೂದಿಸಿ.

ಫಾರ್ಮ್‌ಗೆ ಬಂದ ಉತ್ತರಗಳು ಶೀಟ್‌ನಲ್ಲಿ ಸೇರುತ್ತವೆ. ಅದನ್ನು ಹಾಗೆಯೇ ಪ್ರಕಟಿಸಬೇಡಿ. ಬರೆದವರ ಫೋನ್ ನಂಬರ್ ಮತ್ತು ಮನೆ ಸಂಖ್ಯೆ ಇಲ್ಲದ ಇನ್ನೊಂದು ಹಾಳೆ ಮಾಡಿ, ಅದೊಂದನ್ನೇ ಜಾಲದಲ್ಲಿ ಪ್ರಕಟಿಸಿ. ಬೆಲೆಗೆ ಸರಾಸರಿಗಿಂತ ನಡುವಿನ ಬೆಲೆ, ಅಂದರೆ ಶೀಟ್‌ನ ಮೀಡಿಯನ್ ಸೂತ್ರ ಕೊಡುವ ಅಂಕಿ, ಹೆಚ್ಚು ನಂಬಿಕೆಗೆ ಅರ್ಹ. ಐವರು 900, 900, 950, 1,000 ಮತ್ತು 2,000 ರೂಪಾಯಿ ಕೊಟ್ಟಿದ್ದರೆ ಸರಾಸರಿ 1,150 ಆಗುತ್ತದೆ, ಆದರೆ ಅವರಲ್ಲಿ ನಾಲ್ವರು ಅಷ್ಟು ಕೊಟ್ಟೇ ಇಲ್ಲ. ನಡುವಿನ ಬೆಲೆಯಾದ 950 ವಾಸ್ತವಕ್ಕೆ ಹತ್ತಿರ. ಪಕ್ಕದಲ್ಲಿ ಸರ್ಕಾರಿ ದರವನ್ನೂ ಇಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು 6,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ, 10 ಕಿಲೋಮೀಟರ್‌ವರೆಗೆ 750 ರೂಪಾಯಿ ಎಂದು ನಿಗದಿ ಮಾಡಿತ್ತು. ಏಪ್ರಿಲ್‌ನ ಬೆಲೆ ಅಕ್ಟೋಬರ್‌ನಲ್ಲಿ ದಾರಿ ತಪ್ಪಿಸುವುದರಿಂದ ಎರಡು ತಿಂಗಳಿಗಿಂತ ಹಳೆಯ ಸಾಲುಗಳನ್ನು ಲೆಕ್ಕದಿಂದ ಬಿಡಿ.

ಪುಟಕ್ಕೆ ಓದುಗರು ಹೆಚ್ಚಾದಂತೆ, ಪೂರೈಕೆದಾರರ ಕಡೆಯವರೇ ಹೊಗಳಿಕೆ ಬರೆಸುವುದುಂಟು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಹೊರತಂದ ಆನ್‌ಲೈನ್ ಗ್ರಾಹಕ ವಿಮರ್ಶೆಗಳ ಕುರಿತ ಐಎಸ್ 19000 ಮಾನಕವೂ ವಿಮರ್ಶೆ ಬರೆದವರನ್ನು ಪರಿಶೀಲಿಸಬೇಕೆನ್ನುತ್ತದೆ. ಹಣ ಪಾವತಿಯ ಚಿತ್ರ ಕೇಳುವುದು ಬಡಾವಣೆಯ ಮಟ್ಟಿಗೆ ಸಾಕು. "ಮೋಸಗಾರ" ಎಂಬ ಪದವನ್ನು ತೆಗೆದು "6,000 ಲೀಟರ್ ಎಂದರು, ಅಳತೆಯಲ್ಲಿ 4,800 ಬಂತು" ಎಂಬ ವಾಕ್ಯವನ್ನು ಉಳಿಸಿ. ಮಾನಹಾನಿಯ ತಕರಾರು ಬಂದರೆ ತೋರಿಸಲು ಅಳತೆಯಾದರೂ ಇರುತ್ತದೆ. ಚಾಲಕರ ಹೆಸರು, ಭಾವಚಿತ್ರ ಬೇಡ. ಪೂರೈಕೆದಾರರು ಉತ್ತರ ಕೊಟ್ಟರೆ ಅದೇ ಸಾಲಿನ ಪಕ್ಕದಲ್ಲಿ ಹಾಕಿ.

ಬಹುತೇಕ ಅಪಾರ್ಟ್‌ಮೆಂಟ್‌ಗಳಲ್ಲಿ ಟ್ಯಾಂಕರ್ ಬಂದಾಗ ಪೈಪ್ ಹಿಡಿಸುವವರು ಸೆಕ್ಯೂರಿಟಿಯವರೇ ಹೊರತು ಹಣ ಕೊಡುವ ಸಂಘದ ಪದಾಧಿಕಾರಿಗಳಲ್ಲ. ಆದ್ದರಿಂದ ಫಾರ್ಮ್‌ನ ಕ್ಯೂಆರ್ ಕೋಡ್ ಅನ್ನು ಸಂಪಿನ ಪಕ್ಕದ ಗೋಡೆಗೆ ಅಂಟಿಸಿ, ಪ್ರಶ್ನೆಗಳನ್ನು ಅವರು ಓದಬಲ್ಲ ಭಾಷೆಯಲ್ಲಿ ಬರೆಯಿರಿ. ಅದೂ ಕಷ್ಟವಾದರೆ ಅವರು ಧ್ವನಿ ಸಂದೇಶ ಕಳುಹಿಸಲಿ, ಸಂಘದವರೊಬ್ಬರು ರಾತ್ರಿ ಕುಳಿತು ತುಂಬಲಿ.