ಬೋಟಿನ ಹೋಸ್ ಪೈಪು ನಡುಗಡಲಲ್ಲಿ ಕೈಕೊಡುವ ಮುನ್ನ

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವುದರಿಂದ ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಧಕ್ಕೆ (ಬೋಟು ಕಟ್ಟುವ ಕಟ್ಟೆ) ಬಿಟ್ಟು ಹೊರಡುವುದಿಲ್ಲ. ಬಲೆ ರಿಪೇರಿ, ಬಣ್ಣ, ಆಯಿಲ್ ಬದಲಾವಣೆ ಎಲ್ಲವೂ ಈ 61 ದಿನಗಳಲ್ಲೇ ಆಗಬೇಕು. ಎಂಜಿನ್ ತಣ್ಣಗಿಡುವ ರಬ್ಬರ್ ಹೋಸ್‌ಗಳನ್ನು ಮಾತ್ರ ‘ಸೋರುತ್ತಿಲ್ಲವಲ್ಲ’ ಎಂದು ಹಾಗೇ ಬಿಡುವವರು ಬಹಳ. ಹೋಸ್ ಹಾಳಾಗುವುದು ಹೆಚ್ಚಾಗಿ ಒಳಗಿನಿಂದ. ಹೊರಗೆ ಹನಿ ಕಾಣುವ ಹೊತ್ತಿಗೆ ಅದರ ಆಯುಷ್ಯ ಮುಗಿದಿರುತ್ತದೆ.

ಬೋಟಿನ ಡೀಸೆಲ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ನೀರಿಗೆ ಎರಡು ದಾರಿ. ಕಡಲ ನೀರು ತಳದ ವಾಲ್ವ್, ಜಾಲರಿ, ಇಂಪೆಲ್ಲರ್ (ರಬ್ಬರ್ ರೆಕ್ಕೆಚಕ್ರದ) ಪಂಪ್, ಹೀಟ್ ಎಕ್ಸ್‌ಚೇಂಜರ್ (ಎಂಜಿನ್ನಿನ ಬಿಸಿಯನ್ನು ಕಡಲ ನೀರಿಗೆ ದಾಟಿಸುವ ಭಾಗ) ಹಾದು ಹೊರಗೆ ಹೋಗುತ್ತದೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಬೆರೆತ ಸಿಹಿನೀರು ಎಂಜಿನ್ ಮತ್ತು ಎಕ್ಸ್‌ಚೇಂಜರ್ ನಡುವೆ ಸುತ್ತುತ್ತಿರುತ್ತದೆ. ಯಾವ ಹೋಸ್ ಒಡೆದರೂ ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಆದರೆ ಕಡಲ ನೀರಿನ ಹೋಸ್ ಕಳಚಿದರೆ ಬೋಟಿಗೇ ಅಪಾಯ: ಒಂದೂವರೆ ಇಂಚಿನ ಹೋಸ್ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗೆ ಬಿಟ್ಟುಕೊಂಡರೆ ನಿಮಿಷಕ್ಕೆ ಸುಮಾರು 180 ಲೀಟರ್ ಒಳಗೆ ನುಗ್ಗುತ್ತದೆ. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ.

<b>ಕೈಯಿಂದ ಹಿಸುಕಿ ನೋಡಿ</b>

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಕ್ಲಿಪ್‌ನಿಂದ ಎರಡು ಇಂಚಿನೊಳಗೆ ಹೆಬ್ಬೆರಳು, ತೋರುಬೆರಳಿನಿಂದ ಹೋಸನ್ನು ಹಿಸುಕಿ. ಆಮೇಲೆ ನಟ್ಟನಡುವೆ ಹಿಸುಕಿ. ನಡುಭಾಗ ಬಿಗಿಯಾಗಿದ್ದು ತುದಿ ಮೆತ್ತಗಿದ್ದರೆ, ಬೆರಳಿಗೆ ಒಳಗಡೆ ಸೀಳಿದಂತೆ ಸಿಕ್ಕರೆ ಆ ಹೋಸ್ ಬೇಡ. ಬೇರೆ ಬೇರೆ ಲೋಹಗಳ ನಡುವೆ ಕೂಲೆಂಟ್ ಹರಿಯುವಾಗ ಬ್ಯಾಟರಿಯಂತೆ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದು ತುದಿಯ ರಬ್ಬರಿನಲ್ಲಿ ಕಣ್ಣಿಗೆ ಕಾಣದ ಬಿರುಕು ಮಾಡುತ್ತದೆ. ಬಿರುಕಿನಿಂದ ಇಳಿದ ನೀರು ಪದರದೊಳಗಿನ ನೂಲನ್ನು ಕೊಳೆಸುತ್ತದೆ. ಹೊರಮೈ ಮಾತ್ರ ಹೊಸದರಂತೆ ಕಪ್ಪಗೆ ಮಿನುಗುತ್ತಿರುತ್ತದೆ.

ಸ್ಪಂಜಿನಂತೆ ಉಬ್ಬಿದ್ದರೆ ಆಯಿಲ್ ಅಥವಾ ಡೀಸೆಲ್ ತಾಗಿದೆ. ಸೋರುವ ಜಾಗ ಹುಡುಕಿ ಮುಚ್ಚದಿದ್ದರೆ ಹೊಸ ಹೋಸ್ ಕೂಡ ಹಾಗೇ ಆಗುತ್ತದೆ. ಗಟ್ಟಿಯಾಗಿ ಕಟಕಟ ಎಂದರೆ ಬಿಸಿಗೆ ಸುಟ್ಟಿದೆ. ಪಂಪಿಗೆ ನೀರು ಎಳೆಯುವ ಹೋಸನ್ನು ಎಂಜಿನ್ ಓಡುವಾಗ ನೋಡಬೇಕು: ವೇಗ ಏರಿಸಿದಾಗ ಅದು ಚಪ್ಪಟೆಯಾದರೆ ಒಳಗಿನ ತಂತಿ ತುಕ್ಕು ಹಿಡಿದಿದೆ, ಇಲ್ಲವೇ ತಂತಿಯಿಲ್ಲದ ಹೋಸ್ ಹಾಕಿದ್ದಾರೆ.

<b>ಬದಲಿಸುವ ಕ್ರಮ</b>

ಮೊದಲು ತಳದ ವಾಲ್ವ್ ಮುಚ್ಚಿ, ಎಂಜಿನ್ ಕೀ ತೆಗೆದು ಆ ವಾಲ್ವಿಗೇ ನೇತುಹಾಕಿ. ವಾಲ್ವ್ ತೆರೆಯುವುದನ್ನು ಮರೆತು ಸ್ಟಾರ್ಟ್ ಮಾಡಿ ಇಂಪೆಲ್ಲರ್ ಸುಡುವುದು ಇದರಿಂದ ತಪ್ಪುತ್ತದೆ. ಕೂಲೆಂಟನ್ನು ಬಕೆಟಿಗೆ ಇಳಿಸಿ ಮುಚ್ಚಿಡಿ. ಅದು ಸಿಹಿಯಾದ ವಿಷ, ಧಕ್ಕೆಯ ನಾಯಿಗಳು ನೆಕ್ಕುತ್ತವೆ, ನೀರಿಗೂ ಚೆಲ್ಲಬೇಡಿ.

ಅಂಟಿಕೊಂಡ ಹೋಸನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಬೇಡಿ, ಲೋಹದ ಕೊಳವೆ ನಗ್ಗುತ್ತದೆ. ಉದ್ದಕ್ಕೆ ಬ್ಲೇಡಿನಿಂದ ಸೀಳಿ ಸುಲಿಯಿರಿ, ಬ್ಲೇಡ್ ಲೋಹಕ್ಕೆ ತಾಗದಿರಲಿ. ಕೊಳವೆಯ ಬಿಳಿ ಪದರವನ್ನು ನಯವಾದ ಸ್ಯಾಂಡ್ ಪೇಪರಿನಿಂದ ತೆಗೆಯಿರಿ. ಹೋಸ್ ತರುವಾಗ ಕೊಳವೆಯ ಹೊರಅಳತೆಗೆ ಹೋಸಿನ ಒಳಅಳತೆ ಹೊಂದಬೇಕು. ಬಾಗಿದ ಹೋಸಿನ ಜಾಗಕ್ಕೆ ನೇರವಾದದ್ದನ್ನು ಬಗ್ಗಿಸಿ ಹಾಕಿದರೆ ಮಡಿಕೆಯಲ್ಲಿ ನೀರು ಕಟ್ಟುತ್ತದೆ. ತೋಟದ ಪಿವಿಸಿ ಪೈಪು ಬಿಸಿಗೆ ಮೆತ್ತಗಾಗಿ ಕಳಚುತ್ತದೆ, ಬೇಡವೇ ಬೇಡ.

ಹೋಸ್ ಏರಿಸಲು ಸೋಪುನೀರು ಸಾಕು, ಗ್ರೀಸ್ ರಬ್ಬರಿಗೆ ಶತ್ರು. ಕೊಳವೆಯ ಮೇಲೆ ಕನಿಷ್ಠ ಒಂದೂವರೆ ಇಂಚು ಏರಲಿ. ಕ್ಲಿಪ್ ತುದಿಯಿಂದ ಕಾಲು ಇಂಚು ಒಳಗಿರಲಿ. ನೀರಿನ ಮಟ್ಟದ ಕೆಳಗೆ ಎರಡು ಕ್ಲಿಪ್, ಸ್ಕ್ರೂಗಳು ಎದುರು ಬದುರು. ಕ್ಲಿಪ್ ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದ 316 ಸ್ಟೇನ್‌ಲೆಸ್‌ನದಾಗಿರಲಿ. ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಮಾತ್ರ ಸಾದಾ ಕಬ್ಬಿಣವಾಗಿರುವ ಮಾಲು ಬರುತ್ತದೆ: ಸ್ಕ್ರೂಗೆ ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಅದು ಕಡಲಿಗಲ್ಲ. ಹೋಸಿನ ರಬ್ಬರು ಕ್ಲಿಪ್ ಪಟ್ಟಿಯ ತೂತಿನಿಂದ ಮೇಲೆದ್ದು ಬರುವಷ್ಟು ಬಿಗಿದರೆ ಅಲ್ಲೇ ಕತ್ತರಿಸುತ್ತದೆ.

ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ನಿಧಾನ ತುಂಬಿ. ವಾಲ್ವ್ ತೆರೆದು ಎಂಜಿನ್ ಬಿಸಿಯಾಗುವವರೆಗೆ ಓಡಿಸಿ. ತಣಿದ ಮೇಲೆ ಮಟ್ಟ ನೋಡಿ, ಕ್ಲಿಪ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ. ಮೊದಲ ಬಿಸಿಗೆ ರಬ್ಬರ್ ಸ್ವಲ್ಪ ಕೂರುತ್ತದೆ.

<b>ಕಡಲಲ್ಲೇ ಒಡೆದರೆ</b>

ಟೆಂಪರೇಚರ್ ಗೇಜನ್ನೊಂದೇ ನಂಬಬೇಡಿ. ನೀರು ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗಿಳಿಯಬಹುದು, ಎಂಜಿನ್ ಮಾತ್ರ ಸುಡುತ್ತಿರುತ್ತದೆ. ಎಂಜಿನ್ ರೂಮಿನಲ್ಲಿ ಹಬೆ, ಕೂಲೆಂಟಿನ ಸಿಹಿ ವಾಸನೆ, ಹೊರಗೆ ಬೀಳುವ ನೀರು ಕಡಿಮೆಯಾದದ್ದು, ಯಾವುದೊಂದು ಕಂಡರೂ ನಿಲ್ಲಿಸಿ. ಬಿಸಿ ಇರುವಾಗ ಕೂಲೆಂಟ್ ತುಂಬುವ ಕ್ಯಾಪ್ ತೆರೆಯಬೇಡಿ, ಮುಖ ಬೇಯುತ್ತದೆ.

ಸೀಳು ಕ್ಲಿಪ್ ಹತ್ತಿರವಿದ್ದು ಉದ್ದ ಸಾಲುವಂತಿದ್ದರೆ ಕೆಟ್ಟ ತುದಿ ಕತ್ತರಿಸಿ ಮತ್ತೆ ಕೂರಿಸಿ. ನಡುವೆ ಒಡೆದಿದ್ದರೆ ಒಣಗಿಸಿ, ತನ್ನಷ್ಟಕ್ಕೆ ಅಂಟುವ ಸಿಲಿಕೋನ್ ಟೇಪನ್ನು ಎರಡರಷ್ಟು ಉದ್ದಕ್ಕೆ ಎಳೆಯುತ್ತ, ಅರ್ಧರ್ಧ ಮೇಲೇರಿಸಿ ಸುತ್ತಿ. ಟೇಪ್ ಇಲ್ಲದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ, ಮೇಲೆ ಕ್ಲಿಪ್. ಒತ್ತಡ ಏರದಂತೆ ಕ್ಯಾಪನ್ನು ಮೊದಲ ಹಂತಕ್ಕೆ ಮಾತ್ರ ತಿರುಗಿಸಿಟ್ಟು ಕಡಿಮೆ ವೇಗದಲ್ಲಿ ದಡ ಸೇರಿ. ಕಾದ ಎಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಬಿರಿಯುತ್ತದೆ, ತಣಿಯುವವರೆಗೆ ಕಾಯಿರಿ. ಸಿಹಿನೀರು ಮುಗಿದು ಕಡಲ ನೀರನ್ನೇ ತುಂಬಬೇಕಾಗಿ ಬಂದರೆ, ದಡ ಮುಟ್ಟಿದ ದಿನವೇ ಅದನ್ನು ಇಳಿಸಿ, ಹೊರಬರುವ ನೀರಿನಲ್ಲಿ ಉಪ್ಪು ಉಳಿಯದವರೆಗೆ ಸಿಹಿನೀರಿನಿಂದ ತೊಳೆದು ಹೊಸ ಕೂಲೆಂಟ್ ಹಾಕಿ.