ಫೌಂಡೇಶನ್ ವರ್ಷದಲ್ಲೇ ನಿಮ್ಮ ವಿಭಾಗ ಗೊತ್ತುಮಾಡಿಕೊಳ್ಳುವ ಬಗೆ

ಮೈಸೂರಿನ ಕಾವಾ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ), ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ದಾವಣಗೆರೆಯ ದೃಶ್ಯಕಲಾ ಕಾಲೇಜು ಇಂಥ ಕಡೆ ಬಿವಿಎ (ದೃಶ್ಯಕಲಾ ಪದವಿ) ಸೇರಿದವರಿಗೆ ಸಾಮಾನ್ಯವಾಗಿ ಮೊದಲ ವರ್ಷ ಫೌಂಡೇಶನ್. ಡ್ರಾಯಿಂಗ್, ಬಣ್ಣ, ಮಣ್ಣು, ಅಚ್ಚು, ವಿನ್ಯಾಸ, ಕಲಾ ಇತಿಹಾಸ ಎಲ್ಲವನ್ನೂ ಎಲ್ಲರೂ ಮಾಡಬೇಕು. ಆಮೇಲೆ ಮೂರು ವರ್ಷ ಒಂದೇ ವಿಭಾಗ. ಹೆಚ್ಚಿನವರು ಈ ಆಯ್ಕೆಯನ್ನು ಗೆಳೆಯರ ಮಾತು ಕೇಳಿ ಮಾಡುತ್ತಾರೆ, ಇಲ್ಲವೇ 'ಅಪ್ಲೈಡ್ ಆರ್ಟ್ (ಜಾಹೀರಾತು, ಪೋಸ್ಟರಿನಂಥ ಕಲೆ) ತಗೊಂಡ್ರೆ ಕೆಲಸ ಸಿಗುತ್ತೆ' ಎಂಬ ಒಂದೇ ಕಾರಣಕ್ಕೆ. ಯಾವ ಸಾಮಗ್ರಿಯ ಜೊತೆ ದಿನಕ್ಕೆ ಆರು ಗಂಟೆ ಬೇಸರವಿಲ್ಲದೆ ಕೂರಬಲ್ಲಿರಿ ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು. ಅದು ಕೈಯಿಟ್ಟು ಮಾಡಿದಾಗಲೇ ತಿಳಿಯುತ್ತದೆ. ಕೆಳಗಿನ ಪರೀಕ್ಷೆಗಳನ್ನು ತರಗತಿಯ ಅಸೈನ್‌ಮೆಂಟಿನ ಹೊರಗೆ, ನಿಮ್ಮಷ್ಟಕ್ಕೆ ನೀವೇ ಮಾಡಿ ನೋಡಿ.

ಬಿವಿಎ ಬೇರೆ, ಬಿ.ಡಿಸ್ (ವಿನ್ಯಾಸ ಪದವಿ) ಬೇರೆ ಎಂಬುದು ಮೊದಲು ಸ್ಪಷ್ಟವಿರಲಿ. ಕುರ್ಚಿ, ನೀರಿನ ಬಾಟಲಿ, ಬಟ್ಟೆ, ಆ್ಯಪ್ ಇಂಥವನ್ನು ಬಳಸುವವರ ಅಗತ್ಯ ನೋಡಿ ರೂಪಿಸುವ ಆಸೆಯಿದ್ದರೆ ನಿಮ್ಮ ದಾರಿ ವಿನ್ಯಾಸದ್ದು. 1961ರಲ್ಲಿ ಅಹಮದಾಬಾದಿನಲ್ಲಿ ಶುರುವಾದ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ), ಬೆಂಗಳೂರಿನಲ್ಲೂ ಕ್ಯಾಂಪಸ್ ಇರುವ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ), ಯುಸೀಡ್ ಎಂಬ ವಿನ್ಯಾಸ ಪ್ರವೇಶ ಪರೀಕ್ಷೆಯ ಮೂಲಕ ಸೇರಿಸಿಕೊಳ್ಳುವ ಐಐಟಿಗಳು ಆ ಕಡೆಯವು. ಇವುಗಳ ಪ್ರವೇಶ ಪರೀಕ್ಷೆಗೆ ಪಿಯುಸಿ ಎರಡನೇ ವರ್ಷದಲ್ಲೇ ತಯಾರಾಗಬೇಕು. ಎನ್‌ಐಡಿಯ ಬೆಂಗಳೂರು ಕ್ಯಾಂಪಸ್ಸಿನಲ್ಲಿರುವುದು ಸ್ನಾತಕೋತ್ತರ ಎಂ.ಡಿಸ್. ಪಿಯುಸಿ ಮುಗಿಸಿದವರು ಅಲ್ಲಿ ಬಿ.ಡಿಸ್ ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ.

ಚಿತ್ರಕಲೆ

ಹಿತ್ತಾಳೆ ಚೊಂಬು, ಬದನೆಕಾಯಿ, ಬಿಳಿ ಪಂಚೆ ಇಷ್ಟನ್ನು ಕಿಟಕಿಯ ಪಕ್ಕ ಜೋಡಿಸಿ. ಬೆಳಕು ಒಂದೇ ಕಡೆಯಿಂದ ಬರಬೇಕು, ಟ್ಯೂಬ್‌ಲೈಟ್ ಆರಿಸಿಬಿಡಿ. ಹಾಫ್ ಇಂಪೀರಿಯಲ್ ಹಾಳೆ (15×22 ಇಂಚು), ಕಪ್ಪು ಬಿಳುಪು ಪೋಸ್ಟರ್ ಬಣ್ಣ ಸಾಕು. ಮೊದಲು ಹಾಳೆಯ ಅಂಚಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಏಳು ಮೆಟ್ಟಿಲು ಹಚ್ಚಿಕೊಳ್ಳಿ. ಬಣ್ಣ ಒಣಗಿದ ಮೇಲೆ ಅದರ ಮಟ್ಟ ಬದಲಾಗುತ್ತದೆ, ಆದ್ದರಿಂದ ಹಸಿ ಬಣ್ಣ ನೋಡಿ ತೀರ್ಮಾನಿಸಬೇಡಿ. ಆಮೇಲೆ ಕಣ್ಣು ಕಿರಿದು ಮಾಡಿ ನೋಡುತ್ತ, ಎದುರಿಗಿರುವ ಪ್ರತಿ ಭಾಗವೂ ಏಳರಲ್ಲಿ ಯಾವ ಮೆಟ್ಟಿಲು ಎಂದು ಗುರುತಿಸಿ ತುಂಬಿ.

ಸಾಮಾನ್ಯ ತಪ್ಪೆಂದರೆ ನೆರಳಿಗೆಲ್ಲ ಒಂದೇ ಕಪ್ಪು ಬಳಿಯುವುದು. ಪಂಚೆಯ ನೆರಳು ಎಷ್ಟೇ ಗಾಢವಾಗಿ ಕಂಡರೂ ಬದನೆಕಾಯಿಯ ಬೆಳಕಿನ ಭಾಗಕ್ಕಿಂತ ತಿಳಿಯಾಗಿರಬಹುದು. ಮೊಬೈಲಿನಲ್ಲಿ ಫೋಟೊ ತೆಗೆದು ಅದನ್ನು ನೋಡಿ ಬರೆಯಬೇಡಿ. ನೆರಳಿನೊಳಗಿನ ಸೂಕ್ಷ್ಮ ಮಟ್ಟಗಳನ್ನು ಫೋಟೊ ನುಂಗಿಬಿಡುತ್ತದೆ, ಕಲಿಯಬೇಕಾದದ್ದು ಅದನ್ನೇ. ಅದೇ ಜೋಡಣೆಯನ್ನು ಮರುದಿನ, ಅದರ ಮರುದಿನವೂ ಬರೆಯಿರಿ. ಮೂರನೆಯ ಸಲವೂ ಹೊಸದೇನೋ ಕಾಣುತ್ತಿದ್ದರೆ ಚಿತ್ರಕಲೆ ನಿಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅಚ್ಚು, ಅಂದರೆ ಗ್ರಾಫಿಕ್ಸ್ ವಿಭಾಗ

ಹೆಸರು ಕೇಳಿ ಕಂಪ್ಯೂಟರ್ ಗ್ರಾಫಿಕ್ಸ್ ಎಂದುಕೊಂಡು ಬರುವವರಿದ್ದಾರೆ. ಇಲ್ಲಿರುವುದು ಮರದಚ್ಚು, ಲಿನೊ (ಲಿನೋಲಿಯಂ ಹಾಳೆ ಕೊರೆದು ತೆಗೆಯುವ ಅಚ್ಚು), ಎಚಿಂಗ್ (ಆಸಿಡ್ಡಿನಿಂದ ಲೋಹದ ತಗಡಿನಲ್ಲಿ ಗೆರೆ ಮೂಡಿಸುವ ಅಚ್ಚು), ಲಿಥೊ (ಕಲ್ಲಚ್ಚು). ಸೇರುವ ಮೊದಲು 15×10 ಸೆಂ.ಮೀ. ಲಿನೊ ತುಂಡು, ಒಂದು ವಿ ಆಕಾರದ ಉಳಿ, ಒಂದು ಯು ಆಕಾರದ ಉಳಿ, ರೋಲರ್, ಕಪ್ಪು ಇಂಕು ತಂದುಕೊಳ್ಳಿ. ಲಿನೊ ಗಟ್ಟಿಯಿದ್ದರೆ ಹತ್ತು ನಿಮಿಷ ಬಿಸಿಲಿಗಿಡಿ, ಮೆತ್ತಗಾಗಿ ಉಳಿ ಸಲೀಸಾಗಿ ಓಡುತ್ತದೆ. ಅಕ್ಷರವಿದ್ದರೆ ತಿರುಗುಮುರುಗಾಗಿ ಕೊರೆಯಬೇಕು. ಉಳಿ ಹಿಡಿಯದ ಕೈ ಯಾವಾಗಲೂ ಉಳಿಯ ಮೊನೆಯ ಹಿಂದಿರಲಿ. ಈ ವಿಭಾಗದಲ್ಲಿ ಆಗುವ ಗಾಯಗಳಲ್ಲಿ ಹೆಚ್ಚಿನವು ಈ ನಿಯಮ ಮರೆತದ್ದರಿಂದಲೇ.

ಗಾಜಿನ ಮೇಲೆ ಇಂಕನ್ನು ತೆಳ್ಳಗೆ ಹರಡಿ ರೋಲರ್ ಉರುಳಿಸಿ. ಸಣ್ಣಗೆ ಚರ್ ಚರ್ ಎಂದು ಸದ್ದು ಬಂದರೆ ಪದರ ಸರಿಯಿದೆ. ಪಚಪಚ ಎಂದರೆ ಇಂಕು ಜಾಸ್ತಿ, ಕೊರೆದ ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ. ಪ್ರೆಸ್ ಇಲ್ಲದಿದ್ದರೆ ತೆಳು ಕಾಗದವಿಟ್ಟು ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ. ಒಂದೇ ಗುಣದ ಆರು ಅಚ್ಚು ತೆಗೆಯುವುದು ನಿಜವಾದ ಪರೀಕ್ಷೆ. ಮೊದಲನೆಯದು ಎಲ್ಲರಿಗೂ ಬರುತ್ತದೆ. ಆರನೆಯದೂ ಅಷ್ಟೇ ಶುದ್ಧವಾಗಿ ಬರುವವರೆಗೆ ಒರೆಸುವ, ಅಳೆಯುವ, ಮತ್ತೆ ಒರೆಸುವ ತಾಳ್ಮೆ ಇಲ್ಲಿಯ ಬಂಡವಾಳ. ಎಚಿಂಗ್ ಆಸಿಡ್ಡನ್ನು ಮಾತ್ರ ಮನೆಯಲ್ಲಿ ಮುಟ್ಟಬೇಡಿ. ಸ್ಟುಡಿಯೊದಲ್ಲಿ ಕೂಡ ನೀರಿಗೆ ಆಸಿಡ್ ಹಾಕಬೇಕೇ ಹೊರತು ಆಸಿಡ್ಡಿಗೆ ನೀರಲ್ಲ. ಹಾಗೆ ನೀರು ಸುರಿದರೆ ಶಾಖ ಒಮ್ಮೆಲೇ ಎದ್ದು ಆಸಿಡ್ ಮುಖಕ್ಕೆ ಸಿಡಿಯುತ್ತದೆ.

ಶಿಲ್ಪ

ಐದು ಕಿಲೊ ಜೇಡಿಮಣ್ಣಿನಲ್ಲಿ ನಿಮ್ಮದೇ ಪಾದ ಮಾಡಿ. ಮುಖ ಬೇಡ. ಮುಖವಾದರೆ ಕಣ್ಣು ಮೂಗಿನ ಹೋಲಿಕೆಗೆ ಮನಸ್ಸು ಹೋಗಿ ಒಟ್ಟು ರೂಪ ಕೈತಪ್ಪುತ್ತದೆ. ಹಲಗೆಯನ್ನು ಪ್ರತಿ ಹತ್ತು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಿ. ಒಂದೇ ಕಡೆಯಿಂದ ನೋಡಿ ಮಾಡಿದ್ದು ಪಕ್ಕದಿಂದ ಚಪ್ಪಟೆಯಾಗಿ ಕಾಣುತ್ತದೆ, ಮೊದಲ ವರ್ಷದ ಕೆಲಸಗಳಲ್ಲಿ ಮತ್ತೆ ಮತ್ತೆ ಸಿಗುವ ದೋಷ ಇದು. ರಾತ್ರಿ ಒದ್ದೆ ಬಟ್ಟೆ ಸುತ್ತಿ ಮೇಲೊಂದು ಪ್ಲಾಸ್ಟಿಕ್ ಹೊದಿಸಿ.

ಸುಡುವುದಾದರೆ ಒಳಗಿನ ಮಣ್ಣು ತೋಡಿ ತೆಗೆದು ಗೋಡೆಯ ದಪ್ಪವನ್ನು ಸುಮಾರು 2 ಸೆಂ.ಮೀ.ಗೆ ಇಳಿಸಿ, ನೆರಳಲ್ಲಿ ಪೂರ್ತಿ ಒಣಗಿಸಿ. ಗೂಡಿನಲ್ಲಿ ಶಿಲ್ಪ ಸಿಡಿಯುವುದು ಒಳಗೆ ಉಳಿದ ತೇವ ಆವಿಯಾಗಿ ಹೊರಬರಲು ದಾರಿ ಸಿಗದಿದ್ದಾಗ. ಶಿಲ್ಪದ ಅಚ್ಚು (ಮೋಲ್ಡ್) ತೆಗೆಯುವುದಾದರೆ ಒಂದು ಕಿಲೊ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಸುಮಾರು 700 ಮಿ.ಲೀ. ನೀರು. ನೀರಿಗೆ ಪುಡಿ ಉದುರಿಸಿ, ಅದು ತಾನಾಗಿ ನೆನೆಯುವವರೆಗೆ ಬಿಟ್ಟು ಆಮೇಲೆ ಕಲಸಿ. ಮೊದಲೇ ಜೋರಾಗಿ ಕಲಸಿದರೆ ಗುಳ್ಳೆಗಳು ಸೇರಿ ಮೇಲ್ಮೈ ತೂತುತೂತಾಗುತ್ತದೆ. ಮಿಕ್ಕಿದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೇ ಕಲ್ಲಾಗುತ್ತದೆ.

ಅಪ್ಲೈಡ್ ಆರ್ಟ್

ನಿಮ್ಮೂರಿನ ಗ್ರಂಥಾಲಯಕ್ಕೋ ಜಾತ್ರೆಗೋ ಎ3 ಅಳತೆಯ ಕನ್ನಡ ಪೋಸ್ಟರ್ ಮಾಡಿ. ಕಂಪ್ಯೂಟರ್ ಮುಟ್ಟುವ ಮೊದಲು 5×7 ಸೆಂ.ಮೀ. ಚೌಕಟ್ಟಿನಲ್ಲಿ ಇಪ್ಪತ್ತು ಸಣ್ಣ ಸ್ಕೆಚ್ ಹಾಕಿ. ಮೊದಲ ಐದಾರು ಎಲ್ಲೋ ನೋಡಿದ್ದರ ನೆನಪೇ ಆಗಿರುತ್ತವೆ, ಸ್ವಂತದ್ದು ಸಾಮಾನ್ಯವಾಗಿ ಹತ್ತರ ಆಚೆ ಹುಟ್ಟುತ್ತದೆ. ಆರಿಸಿದ್ದನ್ನು ಪೂರ್ಣ ಅಳತೆಗೆ ತಂದು ಗೋಡೆಗೆ ಅಂಟಿಸಿ ಮೂರು ಮೀಟರ್ ದೂರದಿಂದ ಓದಿ.

ಕನ್ನಡ ಅಕ್ಷರದ ಬಗ್ಗೆ ಇಲ್ಲಿ ವಿಶೇಷ ಗಮನ ಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿಸಿನ ಗುರುತುಗಳು ಮೇಲೆ ಏರುತ್ತವೆ. ರೋಮನ್ ಲಿಪಿಗೆ ಸರಿಹೋಗುವ ಸಾಲಿನ ಅಂತರವನ್ನೇ ಇಟ್ಟರೆ 'ಸಾಹಿತ್ಯ'ದ ಒತ್ತು ಕೆಳಸಾಲಿನ 'ಕಿ'ಯ ತಲೆಗೆ ತಗಲುತ್ತದೆ. ಅಕ್ಷರದ ಅಳತೆಯ ಒಂದೂವರೆಪಟ್ಟು ಅಂತರದಿಂದ ಆರಂಭಿಸಿ ಕಣ್ಣಳತೆಯಲ್ಲಿ ಸರಿಪಡಿಸಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯಕ್ಕೆ ಯೂನಿಕೋಡ್ ಫಾಂಟ್ ಹಾಕಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ, ಏಕೆಂದರೆ ಎರಡರ ಸಂಕೇತ ವ್ಯವಸ್ಥೆಯೇ ಬೇರೆ. ಮೊದಲು ಪರಿವರ್ತಿಸಿಕೊಳ್ಳಿ, ಮುದ್ರಣಕ್ಕೆ ಕೊಡುವಾಗ ಅಕ್ಷರಗಳನ್ನು ಕರ್ವ್ (ಫಾಂಟ್ ಬೇಡದ ಗೆರೆಯ ಆಕಾರ) ಮಾಡಿ ಕೊಡಿ. ಇದೆಲ್ಲ ಕಿರಿಕಿರಿ ಎನಿಸದೆ, ಒಂದು ಮಿಲಿಮೀಟರ್ ಸರಿಸಿ ಮತ್ತೆ ನೋಡುವ ಹುರುಪು ಉಳಿದರೆ ಈ ವಿಭಾಗ ನಿಮಗೆ ಒಗ್ಗುತ್ತದೆ. ಕೆಲಸದ ಆಸೆಯೊಂದಕ್ಕೇ ಬಂದವರಿಗೆ ಮೂರು ವರ್ಷ ಬಹಳ ಉದ್ದ.

ಕಲಾ ಇತಿಹಾಸ, ಛಾಯಾಚಿತ್ರ

ಛಾಯಾಚಿತ್ರ ಎಲ್ಲ ಕಡೆ ವಿಭಾಗವಾಗಿ ಇಲ್ಲ, ಕಾವಾದಲ್ಲಿದೆ. ಒಂದೇ ಸ್ಥಳದಲ್ಲಿ, ಒಂದೇ ಲೆನ್ಸಿನಲ್ಲಿ 36 ಫ್ರೇಮ್ ಮಾತ್ರ ತೆಗೆದು, ಅದರಲ್ಲಿ ನಾಲ್ಕನ್ನು ಆರಿಸಿ, ಉಳಿದವನ್ನು ಬಿಟ್ಟದ್ದೇಕೆಂದು ಬರೆಯಿರಿ. ತೆಗೆಯುವುದಕ್ಕಿಂತ ಬಿಡುವುದು ಕಷ್ಟ.

ಕಲಾ ಇತಿಹಾಸವನ್ನು ಚಿತ್ರ ಬರೆಯಲು ಬಾರದವರ ವಿಭಾಗ ಎಂದು ಹಗುರವಾಗಿ ಮಾತಾಡುವುದಿದೆ. ಅದು ದೊಡ್ಡ ತಪ್ಪು. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯನ್ನೂ 1117ರ ಬೇಲೂರಿನ ಚೆನ್ನಕೇಶವ ದೇವಾಲಯವನ್ನೂ ಪಕ್ಕಪಕ್ಕ ಇಟ್ಟು ಐನೂರು ಪದ ಬರೆದು ನೋಡಿ. ದೇವರ ಕತೆಯಿಂದ ಶುರುಮಾಡದೆ ಕಲ್ಲಿನಿಂದ ಶುರುಮಾಡಿ. ಬಾದಾಮಿಯದು ಮರಳುಗಲ್ಲು, ದೊಡ್ಡ ರೂಪಗಳನ್ನು ಬೇಡುತ್ತದೆ. ಬೇಲೂರಿನದು ಬಳಪದ ಕಲ್ಲು, ಮೆತ್ತಗಿದ್ದು ಸರದ ಒಂದೊಂದು ಮಣಿಯನ್ನೂ ಕೊರೆಯಲು ಬಿಡುತ್ತದೆ. ಬರೆಯುತ್ತ ಇನ್ನಷ್ಟು ಪ್ರಶ್ನೆ ಹುಟ್ಟಿದರೆ ಈ ವಿಭಾಗವನ್ನು ಗಂಭೀರವಾಗಿ ಪರಿಗಣಿಸಿ.

ಆಯ್ಕೆಯ ಅರ್ಜಿ ತುಂಬುವ ಹೊತ್ತಿಗೆ

ಪ್ರತಿ ಪರೀಕ್ಷೆಯ ಕೆಲಸದ ಹಿಂದೆ ದಿನಾಂಕವನ್ನೂ ಹಿಡಿದ ಸಮಯವನ್ನೂ ಪೆನ್ಸಿಲಿನಲ್ಲಿ ಬರೆದಿಡಿ. ವಿಭಾಗಕ್ಕೆ ತೋರಿಸುವಾಗ ಹನ್ನೆರಡರಿಂದ ಹದಿನೈದು ಕೆಲಸ ಸಾಕು. ಅರ್ಧದಷ್ಟು ನೀವು ಕೇಳುತ್ತಿರುವ ವಿಭಾಗದವೇ ಆಗಿರಲಿ, ಜೊತೆಗೆ ಸ್ಕೆಚ್‌ಬುಕ್ ತಪ್ಪದೆ ಇರಲಿ. ನೀವು ಹೇಗೆ ಯೋಚಿಸುತ್ತೀರಿ ಎಂಬುದು ಮೇಷ್ಟ್ರಿಗೆ ಕಾಣುವುದು ಅದರಲ್ಲೇ. ಸಾಮಗ್ರಿಯ ಖರ್ಚನ್ನು ಹಿರಿಯ ವಿದ್ಯಾರ್ಥಿಗಳಿಂದ ತಿಂಗಳ ಲೆಕ್ಕದಲ್ಲಿ ಕೇಳಿ ತಿಳಿದುಕೊಂಡು ಮನೆಯಲ್ಲಿ ಮೊದಲೇ ಮಾತಾಡಿ. ಕ್ಯಾನ್ವಾಸ್, ಸತುವಿನ ತಗಡು, ಕಂಚಿನ ಎರಕ ಇವುಗಳ ವೆಚ್ಚದಲ್ಲಿ ತುಂಬ ಅಂತರವಿದೆ. ಸೀಟುಗಳು ಸೀಮಿತವಾದ್ದರಿಂದ ಅರ್ಜಿಯಲ್ಲಿ ಎರಡನೆಯ ಆಯ್ಕೆಯನ್ನು ಖಾಲಿ ಬಿಡಬೇಡಿ, ಮನಸ್ಸಿಲ್ಲದ್ದನ್ನು ತುಂಬಲೂ ಬೇಡಿ.