ಟೋಕನ್ ವಾಪಸ್ ಬಂದ ರಾತ್ರಿಯಿಂದ ಎಫ್‌ಐಆರ್‌ವರೆಗೆ: ನನ್ನ ಅನುಭವ

ಜಾತಿ ತಿಳಿದ ಮೇಲೆ ಬಾಡಿಗೆ ಮನೆ ನಿರಾಕರಿಸಿದರೆ ಅದಕ್ಕೆ ಎಫ್‌ಐಆರ್ ಆಗುವುದಿಲ್ಲ, ಮನೆ ಅವರದು, ಯಾರಿಗೆ ಕೊಡಬೇಕೆಂಬುದು ಅವರ ಇಷ್ಟ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇಬ್ಬರು ವಕೀಲರು, ಒಬ್ಬ ನಿವೃತ್ತ ಸಬ್‌ಇನ್‌ಸ್ಪೆಕ್ಟರ್ ಮತ್ತು ನಮ್ಮದೇ ಸಂಘಟನೆಯ ಹಿರಿಯರೊಬ್ಬರಿದ್ದರು. ಕಳೆದ ವರ್ಷ ಮೈಸೂರಿನಲ್ಲಿ ನಾನು ಕೊಟ್ಟ ಮೂರನೆಯ ದೂರು ದಾಖಲಾಯಿತು, ಆರೋಪಪಟ್ಟಿಯೂ ಸಲ್ಲಿಕೆಯಾಯಿತು. ಅದಾದ ಮೇಲೆ ಬೇರೆಯವರಿಗೆ ಬರೆದುಕೊಟ್ಟ ನಾಲ್ಕರಲ್ಲಿ ಮೂರು ದಾಖಲಾಗಿವೆ. ಈ ಕೆಲಸದಲ್ಲಿ ಇರುವವರಿಗೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಎಂದರೇನು ಎಂದು ವಿವರಿಸಬೇಕಿಲ್ಲವಾದ್ದರಿಂದ ನಾನು ಎಡವಿದ ಜಾಗಗಳನ್ನೇ ಹೆಚ್ಚಾಗಿ ಹೇಳುತ್ತೇನೆ.

ಮೊದಲ ಸಲ ಎಡವಿದ್ದು ಸಿಟ್ಟಿನಿಂದ. ಮನೆಯ ಮಾಲೀಕರು ಫೋನಿನಲ್ಲಿ, 'ನಿಮ್ಮ ಜನಕ್ಕೆ ಕೊಟ್ಟರೆ ಕೆಳಗಿನ ಮನೆಯವರು ಖಾಲಿ ಮಾಡುತ್ತಾರೆ' ಎಂದಿದ್ದರು. ನಾನು ಒಂಬತ್ತು ಪುಟ ಬರೆದು, ಆ ಕಾಯ್ದೆಯ ಜಾತಿ ನಿಂದನೆಯ 3(1)(ಆರ್) ಮತ್ತು (ಎಸ್) ಕಲಂಗಳನ್ನು ಹಾಕಿ ಠಾಣೆಗೆ ಕೊಟ್ಟೆ. ಮೂರು ವಾರದ ನಂತರ ಠಾಣೆಯಿಂದ ಹಿಂಬರಹ, ಅಂದರೆ ಲಿಖಿತ ಉತ್ತರ, ಬಂತು: ಮಾತು ನಡೆದಿರುವುದು ಫೋನಿನಲ್ಲಿ, ಸಾರ್ವಜನಿಕರ ಎದುರಿನಲ್ಲಿ ಅಲ್ಲ. ಆಗ ಪೊಲೀಸರನ್ನು ಬಯ್ದುಕೊಂಡೆ. ಆದರೆ ಆ ಎರಡು ಕಲಂಗಳಿಗೆ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕೆಂಬ ಷರತ್ತು ಕಾಯ್ದೆಯಲ್ಲಿಯೇ ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಹಿತೇಶ್ ವರ್ಮಾ ಪ್ರಕರಣದಲ್ಲಿ ಅದನ್ನು ಒತ್ತಿ ಹೇಳಿದೆ. ವಕೀಲರಿಗೆ ಕೊಟ್ಟ ಆರು ಸಾವಿರ ಹೋಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ ಎಂಬುದು ಗೊತ್ತಿದ್ದೂ ನಾನು ಆ ಕಡೆ ಹೋಗಿರಲಿಲ್ಲ.

ಎರಡನೆಯ ಸಲ ಮಾತು ಪೂರ್ತಿ ರೆಕಾರ್ಡ್ ಆಗಿತ್ತು. ಆದರೆ ಅಷ್ಟರಲ್ಲಿ ಹಬ್ಬದ ಆಫರ್ ಬಂತೆಂದು ಹಳೆಯ ಫೋನನ್ನು ಸುಮಾರು ಮೂರು ಸಾವಿರಕ್ಕೆ ಎಕ್ಸ್‌ಚೇಂಜ್ ಮಾಡಿ, ರೆಕಾರ್ಡಿಂಗನ್ನು ವಾಟ್ಸ್ಆ್ಯಪ್‌ನಲ್ಲಿ ನನಗೆ ನಾನೇ ಕಳುಹಿಸಿಕೊಂಡಿದ್ದೆ. ಮೂಲ ಸಾಧನ ಎಲ್ಲಿ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ಮೂರು ಸಾವಿರದಷ್ಟು ದುಬಾರಿ ಹಣವನ್ನು ನಾನು ಬೇರೆಲ್ಲೂ ಉಳಿಸಿಲ್ಲ.

ಮೂರನೆಯದು ಹೀಗಾಯಿತು. ಮನೆ ನೋಡಿದೆವು, ಬಾಡಿಗೆ ಹನ್ನೆರಡು ಸಾವಿರ, ಅಡ್ವಾನ್ಸ್ ಒಂದು ಲಕ್ಷ ಎಂದು ಮಾತಾಯಿತು, ಐದು ಸಾವಿರ ಟೋಕನ್ ಫೋನ್‌ಪೇ ಮಾಡಿದೆ. ಸಂಜೆ ಅವರು ಕರಾರುಪತ್ರಕ್ಕೆಂದು ಆಧಾರ್ ಪ್ರತಿ ಕೇಳಿ, ಜೊತೆಗೆ 'ನಿಮ್ಮದು ಯಾವ ಜನ' ಎಂದೂ ಮೆಸೇಜ್ ಹಾಕಿದರು. ಉತ್ತರ ಕೊಟ್ಟೆ. ರಾತ್ರಿ ಹತ್ತಕ್ಕೆ ಇನ್ನೇನು ಕೆಲವು ನಿಮಿಷವಿದ್ದಾಗ ಐದು ಸಾವಿರ ವಾಪಸ್ ಬಂತು. ಹಿಂದೆಯೇ 'ಸಾರಿ ಸರ್, ಮನೆ ಬೇರೆಯವರಿಗೆ ಫಿಕ್ಸ್ ಆಗಿದೆ' ಎಂಬ ಒಂದು ಸಾಲು. ಆ ಸಲ ನಾನು ಜಗಳವಾಡಲಿಲ್ಲ, 'ಆಗಲಿ ಸರ್' ಎಂದಷ್ಟೇ ಬರೆದೆ. ಮರುದಿನ ಬೆಳಿಗ್ಗೆ ಪರಿಶಿಷ್ಟ ಜಾತಿಗೆ ಸೇರದ, ನನ್ನ ಹಾಗೆಯೇ ಹೆಂಡತಿ ಮತ್ತು ಒಂದು ಮಗು ಇರುವ ಸಹೋದ್ಯೋಗಿಯೊಬ್ಬರು ತಮ್ಮ ಫೋನಿನಿಂದ ಅದೇ ಮನೆಯನ್ನು ಕೇಳಿದರು. ಮನೆ ಖಾಲಿ ಇತ್ತು. ಬಾಡಿಗೆ ಅದೇ ಹನ್ನೆರಡು, ಅಡ್ವಾನ್ಸ್ ಅದೇ ಒಂದು ಲಕ್ಷ, ಭಾನುವಾರವೇ ಹಾಲು ಉಕ್ಕಿಸಬಹುದು ಎಂದರು.

ಇಡೀ ವಿಧಾನದ ಬೆನ್ನೆಲುಬು ಈ ಎರಡನೆಯ ಕರೆಯೇ. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ 'ಆರ್ಥಿಕ ಬಹಿಷ್ಕಾರ'ದ ವ್ಯಾಖ್ಯಾನವಿದೆ. ವ್ಯವಹರಿಸಲು ನಿರಾಕರಿಸುವುದಷ್ಟೇ ಅಲ್ಲ, ಸಾಮಾನ್ಯ ವ್ಯವಹಾರದಲ್ಲಿ ಎಲ್ಲರೊಂದಿಗೆ ಯಾವ ಷರತ್ತಿನ ಮೇಲೆ ನಡೆಯುತ್ತದೆಯೋ ಆ ಷರತ್ತಿನ ಮೇಲೆ ನಡೆಯಲು ಒಪ್ಪದಿರುವುದೂ ಅದರೊಳಗೆ ಬರುತ್ತದೆ. 'ಸಾಮಾನ್ಯ ಷರತ್ತು' ಯಾವುದೆಂದು ತೋರಿಸುವವರು ಈ ಎರಡನೆಯವರು. ಇದರ ಜೊತೆಗೆ ನಾವೆಲ್ಲ ಹಳತೆಂದು ಮೂಲೆಗಿಟ್ಟಿರುವ 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯನ್ನೂ ಹಾಕಬೇಕು. ಅದರ 4ನೇ ಕಲಂ ವಾಸದ ಮನೆಯಲ್ಲಿ ನೆಲೆಸುವ ವಿಷಯದಲ್ಲಿ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದನ್ನು ಅಪರಾಧವೆನ್ನುತ್ತದೆ. 12ನೇ ಕಲಂ ಪ್ರಕಾರ, ಪರಿಶಿಷ್ಟ ಜಾತಿಯವರ ವಿಷಯದಲ್ಲಿ ಇಂಥದ್ದು ನಡೆದರೆ, ಹಾಗಲ್ಲ ಎಂದು ಸಾಬೀತಾಗುವವರೆಗೆ ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆಯಿತೆಂದು ನ್ಯಾಯಾಲಯ ಭಾವಿಸಬೇಕು. ದಂಡ ನೂರರಿಂದ ಐನೂರು ರೂಪಾಯಿ ಎಂದು ನಗುವವರು ಈ 12ನೇ ಕಲಂ ಓದಿರುವುದಿಲ್ಲ.

ಎರಡನೆಯ ಕರೆ ಮಾಡುವವರು ಮುಂದೆ ಹೇಳಿಕೆ ಕೊಡಬೇಕಾಗುತ್ತದೆಯಾದ್ದರಿಂದ ಸಂಘಟನೆಯವರು ಬೇಡ, ತೀರ ಆಪ್ತರೂ ಬೇಡ. ನನ್ನ ಮೊದಲ ಆಯ್ಕೆ ತಪ್ಪಾಗಿತ್ತು. ಕರೆ ಮಾಡಿದ ಗೆಳೆಯ ಮಾವನ ಮನೆಯವರು ಬೇಡವೆಂದರು ಎಂದು ಸಾಕ್ಷಿ ಹೇಳಲು ಹಿಂದೆ ಸರಿದ. ಅದಕ್ಕೇ ಈಗ ಕರೆಗೆ ಮುಂಚೆಯೇ ನ್ಯಾಯಾಲಯದ ಮಾತು ಎತ್ತಿ, ಮುಖ ನೋಡಿ ತೀರ್ಮಾನಿಸುತ್ತೇನೆ. ಮಾಲೀಕರು ಕಾರಣವನ್ನು ಮೆಸೇಜಿನಲ್ಲಿಯೇ ಬರೆಯುವಂತೆ ಮಾಡುವ ಒಂದು ಉಪಾಯವೂ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮಾಲೀಕರಿಗೂ ಕನ್ನಡ ಓದಲು ಬರುತ್ತದೆ.

ದೂರು ಈಗ ಒಂದೂವರೆ ಪುಟ ಮೀರುವುದಿಲ್ಲ. ದಿನಾಂಕ, ಗಂಟೆ, ಮೊತ್ತ, ಯಾರು ಏನೆಂದರು, ಅಷ್ಟೆ. ಮೂರು ವಾಕ್ಯಗಳನ್ನು ಮಾತ್ರ ಬಿಡಬಾರದು. ನಾನು ಪರಿಶಿಷ್ಟ ಜಾತಿಗೆ ಸೇರಿದವನು ಎಂಬುದು, ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಸಮೇತ; ಆರೋಪಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಲ್ಲ ಎಂಬುದು; ನನ್ನ ಜಾತಿ ಅವರಿಗೆ ಯಾವ ಕ್ಷಣದಲ್ಲಿ ತಿಳಿಯಿತು ಎಂಬುದು. ನಾಲ್ಕರಲ್ಲಿ ದಾಖಲಾಗದೆ ಉಳಿದ ಆ ಒಂದು ದೂರು ನಿಂತುಹೋದದ್ದು ಈ ಕೊನೆಯದರಲ್ಲಿಯೇ. ಅಲ್ಲಿ ಬ್ರೋಕರ್ ಬಾಯಿಮಾತಿನಲ್ಲಿ ತಿಳಿಸಿದ್ದರು, ಆಮೇಲೆ ತಿಳಿಸಲೇ ಇಲ್ಲ ಎಂದರು.

ಠಾಣೆಯಲ್ಲಿ 'ಇಬ್ಬರನ್ನೂ ಕೂರಿಸಿ ಮಾತಾಡೋಣ' ಎಂಬ ಮಾತು ಬಂದೇ ಬರುತ್ತದೆ. ನಾನು ವಿನಯದಿಂದಲೇ, ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿಸಿದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮುನ್ನ ಪ್ರಾಥಮಿಕ ವಿಚಾರಣೆ ಬೇಕಿಲ್ಲವೆಂದು ಅರ್ಜಿಯ ಕೊನೆಯಲ್ಲಿ ಬರೆದು ಸ್ವೀಕೃತಿ ಕೇಳಿದೆ. ಎರಡು ದಿನ ಸ್ವೀಕೃತಿ ಸಿಗಲಿಲ್ಲ. ಆಗ ಅದೇ ದೂರನ್ನು ಠಾಣೆಗೆ, ಪೊಲೀಸ್ ಆಯುಕ್ತರಿಗೆ ಮತ್ತು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಘಟಕಕ್ಕೆ ಸ್ಪೀಡ್ ಪೋಸ್ಟ್ ಮಾಡಿ, 14566 ಸಹಾಯವಾಣಿಯಲ್ಲಿಯೂ ನೋಂದಾಯಿಸಿದೆ. ಸುಮಾರು ಹತ್ತು ದಿನಕ್ಕೆ ಎಫ್‌ಐಆರ್ ಪ್ರತಿ ಕೈಗೆ ಬಂತು. ಡಿವೈಎಸ್ಪಿ ದರ್ಜೆಯ ಅಧಿಕಾರಿ, ಅಂದರೆ ನಗರದಲ್ಲಿ ಎಸಿಪಿ, ತನಿಖೆ ಮಾಡಬೇಕಾದ್ದರಿಂದ ಅಲ್ಲಿಂದ ಮುಂದೆ ಠಾಣೆಯ ಧಾಟಿಯೇ ಬದಲಾಯಿತು.

ಈ ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದ ಏಳೆಂಟು ಮಾಲೀಕರಿಗೆ, ನಾವು ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸುವುದಿಲ್ಲ ಎಂದು ಹೇಳಿ ನೋಡಿದೆ. ಇಬ್ಬರು ನಿಜಕ್ಕೂ ಒಪ್ಪಿದರು. ಉಳಿದವರ ಕಾರಣ ಬದಲಾಯಿತು: ಒಬ್ಬರ ಮಗ ಊರಿಂದ ಬರುವವನಿದ್ದ, ಇನ್ನೊಬ್ಬರಿಗೆ ಬಾವಿಯ ಕಡೆಯ ಗೋಡೆ ರಿಪೇರಿಯಿತ್ತು. ಊಟದ ನೆಪವೊಂದನ್ನೇ ಹಿಡಿದು ದೂರು ಕೊಟ್ಟರೆ ನಿಲ್ಲದು. ಆದರೆ ಒಂದೇ ವಾರದಲ್ಲಿ ಮೂರು ಸಲ ಬದಲಾದ ಕಾರಣ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ವಾಟ್ಸ್ಆ್ಯಪ್ ಡಿಪಿಯಲ್ಲಿ ಬಾಬಾಸಾಹೇಬರ ಚಿತ್ರ ಹಾಕಿಕೊಂಡು ಒಂದು ವಾರ, ದಾಸವಾಳದ ಹೂವು ಹಾಕಿಕೊಂಡು ಒಂದು ವಾರ ವಿಚಾರಿಸಿದೆ. ಹೂವಿಗೆ ಬಂದ ಉತ್ತರಗಳು ಹೆಚ್ಚುಕಡಿಮೆ ಎರಡು ಪಟ್ಟು. ಅದು ಸಾಕ್ಷ್ಯವಲ್ಲ, ದೂರಿಗೆ ಸೇರಿಸಲಿಲ್ಲ.

ಈ ದಾರಿ ಎಲ್ಲರಿಗೂ ತೆರೆದಿಲ್ಲ. ಮುಸ್ಲಿಂ ಎಂಬ ಕಾರಣಕ್ಕೆ ಅಡ್ವಾನ್ಸ್ ವಾಪಸ್ ಪಡೆದ ಸ್ನೇಹಿತರೊಬ್ಬರಿಗೆ ಈ ಎರಡು ಕಾಯ್ದೆಗಳಲ್ಲಿ ಯಾವುದೂ ಒದಗಲಿಲ್ಲ. ಮತಾಂತರವಾದ ದಲಿತ ಕ್ರೈಸ್ತರೂ 1950ರ ಪರಿಶಿಷ್ಟ ಜಾತಿಗಳ ಆದೇಶದಿಂದಾಗಿ ಹೊರಗೇ ಉಳಿಯುತ್ತಾರೆ. ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯ 3ನೇ ಕಲಂ, ಎಚ್‌ಐವಿ ಇರುವವರಿಗೆ 2017ರ ಕಾಯ್ದೆ ಬಾಡಿಗೆಯ ಹಕ್ಕನ್ನು ಹೆಸರಿಟ್ಟು ಹೇಳುತ್ತವೆ. ಅವುಗಳಲ್ಲಿ ನನಗೆ ಕೈ ಪಳಗಿಲ್ಲ.

ಖರ್ಚಿನ ಲೆಕ್ಕ: ಸಾಮಾನು ಸಾಗಿಸಲು ಮುಂಗಡ ಕೊಟ್ಟಿದ್ದ ಟೆಂಪೋಗೆ ಸಾವಿರದ ಐನೂರು, ಅಂಚೆ ಮತ್ತು ಜೆರಾಕ್ಸಿಗೆ ನಾನೂರು ಚಿಲ್ಲರೆ, ಎರಡು ಪೆನ್‌ಡ್ರೈವ್, ಆರು ದಿನದ ರಜೆ. ಮಾಲೀಕರ ಕಡೆಯಿಂದ ಆಮೇಲೆ ರಾಜಿಯ ಮಾತೂ ಬಂತು, ಬಾಡಿಗೆಯಲ್ಲಿ ಸಾವಿರ ಬಿಡುತ್ತೇವೆ ಎಂದು. ನಾವು ಅಷ್ಟರಲ್ಲಿ ಬೇರೆ ಮನೆಗೆ ಬಂದಾಗಿತ್ತು.

ಪ್ರಕರಣ ವಿಶೇಷ ನ್ಯಾಯಾಲಯದಲ್ಲಿದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನು, ಫೈಲು ಬದಲಾಗಿಲ್ಲವೆಂದು ತೋರಿಸುವ ಹ್ಯಾಷ್ ಮೌಲ್ಯದ ಸಮೇತ ಸಲ್ಲಿಸಿದ್ದೇನೆ. ಆ ಮೆಸೇಜುಗಳು ಬಂದ, ಪರದೆ ಬಿರುಕು ಬಿಟ್ಟ ಫೋನು ಸಿಮ್ ಇಲ್ಲದೆ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ, ಮತ್ತೆ ಆಫ್ ಮಾಡಿ ಬೀಗ ಹಾಕುತ್ತೇನೆ.